ಹಳೆ ಡೆಸ್ಕ್‌ಟಾಪ್, ಡಾಕರ್, ಜೆಲ್ಲಿಫಿನ್: ಮನೆಯ ವಿಡಿಯೋಗಳು ಟಿವಿಯಲ್ಲಿ ತಡೆದು ತಡೆದು ಬರುತ್ತಿವೆ

ಇಳಕಲ್_ಸೆರಗು · ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ ರೀ. ಮನೆಯಲ್ಲಿ ಮೀಡಿಯಾ ಸರ್ವರ್ ಕಟ್ಟುತ್ತಿದ್ದೇನೆ. ಅರ್ಧ ಕೆಲಸ ಆಗಿದೆ, ಇನ್ನರ್ಧಕ್ಕೆ ನಿಮ್ಮ ಸಹಾಯ ಬೇಕು.

ಸಾಮಾನು ಇಷ್ಟಿದೆ: ಇಂಟೆಲ್ ಐ5-7500 ಇರುವ ಹಳೆ ಆಫೀಸ್ ಡೆಸ್ಕ್‌ಟಾಪ್, 8 ಜಿಬಿ ರ್‍ಯಾಮ್, ಓಎಸ್‌ಗೆ ಚಿಕ್ಕ ಎಸ್‌ಎಸ್‌ಡಿ, ವಿಡಿಯೋಗೆ 4 ಟಿಬಿ ಯುಎಸ್‌ಬಿ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಉಬುಂಟು ಸರ್ವರ್ 24.04 ಹಾಕಿ, ಡಾಕರ್ (ಪ್ರೋಗ್ರಾಂ ಅನ್ನು ಕಂಟೇನರ್ ಅನ್ನುವ ಬೇರೆ ಡಬ್ಬಿಯೊಳಗೆ ಓಡಿಸುವ ಸಾಧನ) ಹಾಕಿದ್ದೇನೆ. ಅದರ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲ್ ಬರೆದು, ವಿಡಿಯೋಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್ ಪ್ರೋಗ್ರಾಂ ಓಡಿಸುತ್ತಿದ್ದೇನೆ. 8096 ಪೋರ್ಟ್‌ನಲ್ಲಿ ಪುಟ ತೆರೆಯುತ್ತದೆ, ಫೈಲ್‌ಗಳೂ ಕಾಣುತ್ತವೆ.

ಒಳಗಿರುವುದು ಸಿನಿಮಾ ಅಲ್ಲ. ಹಳೆ ಬಾಗಲಕೋಟೆಯಲ್ಲಿ ನಮ್ಮ ಮನೆ ಇದ್ದ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅಲ್ಲಿ ನಡೆದ ಮದುವೆಗಳು, ಹೋಳಿಯ ಸೋಗಿನ ಬಂಡಿ, ಹಲಗಿ ಮೇಳ, ಅಜ್ಜಿ ಕಟ್ಟೆಯ ಮೇಲೆ ಕೂತು ಮಾತಾಡಿದ್ದು, ಎಲ್ಲ ವಿಎಚ್‌ಎಸ್ ಕ್ಯಾಸೆಟ್ ಮತ್ತು ಹ್ಯಾಂಡಿಕ್ಯಾಮ್ ಟೇಪ್‌ಗಳಲ್ಲಿ ಉಳಿದಿದೆ. ಕೆಲವನ್ನು ಕಂಪ್ಯೂಟರ್‌ಗೆ ಇಳಿಸಿದ್ದೇನೆ. ಈಗಿನ ಹೋಳಿ, ಜಾತ್ರೆಗಳ ಫೋನ್ ವಿಡಿಯೋಗಳೂ ಜೊತೆಗಿವೆ. ಹಾಲ್‌ನ ಟಿವಿಯಲ್ಲಿ ಮನೆಯವರೆಲ್ಲ ಕೂತು ನೋಡಬೇಕು. ಬೆಳಗಾವಿಯಲ್ಲಿರುವ ತಂಗಿಯ ಮನೆಯಲ್ಲೂ ಕಾಣಬೇಕು. ಇವನ್ನು ಯಾವುದೋ ಸೈಟಿಗೆ ಹಾಕಲು ನಮಗೆ ಮನಸ್ಸಿಲ್ಲ.

ತೊಂದರೆ ಏನೆಂದರೆ, ಫೋನ್‌ನ 4ಕೆ ವಿಡಿಯೋ ಹಾಕಿದರೆ ಸಿಪಿಯುನ ನಾಲ್ಕೂ ಕೋರ್ 100ಕ್ಕೆ ಏರುತ್ತವೆ. ಚಿತ್ರ ನಿಂತು ನಿಂತು ಬರುತ್ತದೆ. ಹಳೆ ಟೇಪಿನ ವಿಡಿಯೋ ಸರಾಗವಾಗಿ ಓಡುತ್ತದೆ, ಆದರೆ ಯಾರಾದರೂ ನಡೆದಾಡಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆಗಳು ಏಳುತ್ತವೆ. ಹೊಸ ಮಷಿನ್ ತಗೊಳ್ಳಬೇಕಾ? ಅಥವಾ ಇದರಲ್ಲೇ ದಾರಿ ಇದೆಯಾ?

---

ಗುಮ್ಮಟದ_ನೆರಳು · ವಿಜಯಪುರ

ಅಕ್ಕಾರೆ, ಹೊಸದು ಏನೂ ತಗೋಬೇಡಿ. ಮೊದಲು ಒಂದು ನೋಡಿ ಹೇಳಿ. ವಿಡಿಯೋ ಓಡುವಾಗ ಡ್ಯಾಶ್‌ಬೋರ್ಡ್ ತೆರೆಯಿರಿ. ಅಲ್ಲಿ "ಡೈರೆಕ್ಟ್ ಪ್ಲೇ" (ಫೈಲ್ ಇದ್ದ ಹಾಗೇ ಹೋಗುವುದು) ಅಂತ ಇದೆಯಾ, "ಟ್ರಾನ್ಸ್‌ಕೋಡಿಂಗ್" (ಸರ್ವರ್ ಬೇರೆ ರೂಪಕ್ಕೆ ಬದಲಿಸಿ ಕಳಿಸುವುದು) ಅಂತ ಇದೆಯಾ? ಟ್ರಾನ್ಸ್‌ಕೋಡಿಂಗ್ ಇದ್ದರೆ ಯಾಕೆ ಅನ್ನುವ ಕಾರಣವನ್ನೂ ಅಲ್ಲೇ ತೋರಿಸುತ್ತದೆ.

---

ಇಳಕಲ್_ಸೆರಗು

ಫೋನ್ ವಿಡಿಯೋಗೆ ಟ್ರಾನ್ಸ್‌ಕೋಡಿಂಗ್ ಇದೆ ರೀ. ಕಾರಣ: ವಿಡಿಯೋ ಕೋಡೆಕ್ ಸಪೋರ್ಟ್ ಇಲ್ಲ. ಫೈಲ್ ಎಚ್‌ಇವಿಸಿ ಕೋಡೆಕ್‌ನದು (ವಿಡಿಯೋ ಕುಗ್ಗಿಸುವ ಒಂದು ವಿಧಾನ), ಟಿವಿ ಸ್ವಲ್ಪ ಹಳೆಯದು.

---

ಕುಂದಾನಗರಿ_ಲಿನಕ್ಸ್ · ಬೆಳಗಾವಿ

ಅಕ್ಕಾರೆ, ಎಲ್ಲ ಗೊತ್ತಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಈ ಪ್ರಶ್ನೆ ತುಂಬ ಜನಕ್ಕೆ ಬರುತ್ತದೆ.

ನಿಮ್ಮ ಟಿವಿಗೆ ಎಚ್‌ಇವಿಸಿ ಬಿಡಿಸಲು ಬರುವುದಿಲ್ಲ. ಹಾಗಾಗಿ ಸರ್ವರ್ ಪ್ರತಿ ಫ್ರೇಮ್ ಬಿಡಿಸಿ, ಹಳೆ ಟಿವಿಗೂ ಬರುವ ಎಚ್.264 ಕೋಡೆಕ್ ಆಗಿ ಮತ್ತೆ ಕಟ್ಟಿ ಕಳಿಸುತ್ತಿದೆ. 4ಕೆ ಅಂದರೆ ಒಂದು ಫ್ರೇಮ್‌ಗೆ ಸುಮಾರು 83 ಲಕ್ಷ ಪಿಕ್ಸೆಲ್. ಇಂಥ ಫ್ರೇಮ್ ಸೆಕೆಂಡಿಗೆ 30 ಬರುತ್ತವೆ. ಇದನ್ನು ಸಿಪಿಯು ಕೋರ್‌ಗಳ ಮೇಲೆ ಹಾಕಿದರೆ ನಾಲ್ಕು ಕೋರ್ ಸಾಲುವುದಿಲ್ಲ.

ಆದರೆ ಇದೇ ಕೆಲಸಕ್ಕೆ ಅಂತ ನಿಮ್ಮ ಚಿಪ್‌ನಲ್ಲಿ ಬೇರೆ ಭಾಗವೇ ಇದೆ. ಅದರ ಹೆಸರು ಕ್ವಿಕ್ ಸಿಂಕ್. ಇಂಟೆಲ್ ಅದನ್ನು 2011ರ ಸ್ಯಾಂಡಿ ಬ್ರಿಜ್ ಚಿಪ್‌ಗಳಿಂದ ಕೊಡುತ್ತಾ ಬಂದಿದೆ. ಆರನೇ ತಲೆಮಾರಿನಲ್ಲಿ 8 ಬಿಟ್ ಎಚ್‌ಇವಿಸಿ ಬಂತು. ಏಳನೆಯದರಲ್ಲಿ 10 ಬಿಟ್ ಎಚ್‌ಇವಿಸಿ ಬಂತು. ನಿಮ್ಮದು ಏಳನೆಯದೇ, ಒಳಗೆ ಎಚ್‌ಡಿ 630 ಗ್ರಾಫಿಕ್ಸ್ ಇದೆ. ಫೋನ್ ವಿಡಿಯೋಗೆ ಧಾರಾಳ ಸಾಕು. ಎವಿ1 ಅನ್ನುವ ಇನ್ನೂ ಹೊಸ ಕೋಡೆಕ್‌ನ ಫೈಲ್ ಮಾತ್ರ ಇದು ಬಿಡಿಸುವುದಿಲ್ಲ, ಅದಕ್ಕೆ 11ನೇ ತಲೆಮಾರು ಬೇಕು. ಮನೆ ವಿಡಿಯೋದಲ್ಲಿ ಎವಿ1 ಸಿಗುವುದು ಅಪರೂಪ, ಚಿಂತೆ ಬೇಡ.

ಹಾಗಾದರೆ ಈಗ ಆ ಭಾಗ ಯಾಕೆ ಸುಮ್ನೆ ಕೂತಿದೆ? ಜೆಲ್ಲಿಫಿನ್ ಕಂಟೇನರ್ ಒಳಗಿದೆ. ನೀವು ಕೊಡದ ಹೊರತು ಕಂಟೇನರ್‌ಗೆ ಮಷಿನ್ನಿನ ಗ್ರಾಫಿಕ್ಸ್ ಕಾಣುವುದೇ ಇಲ್ಲ. ಕೊಡುವುದು ಹೀಗೆ.

ಮೊದಲು ಹೋಸ್ಟ್‌ನಲ್ಲಿ (ಕಂಟೇನರ್ ಹೊರಗಿನ ನಿಮ್ಮ ಉಬುಂಟುವಿನಲ್ಲಿ) "ಡೆವ್" ಫೋಲ್ಡರ್ ಒಳಗೆ "ಡಿಆರ್‌ಐ" ಅಂತ ಫೋಲ್ಡರ್ ಇದೆಯಾ ನೋಡಿ. ಅದರಲ್ಲಿ "ಕಾರ್ಡ್" ಅಂತ ಶುರುವಾಗುವ ಒಂದು ಹೆಸರು, "ರೆಂಡರ್‌ಡಿ128" ಅನ್ನುವ ಇನ್ನೊಂದು ಹೆಸರು ಇರಬೇಕು. ನಮಗೆ ಬೇಕಾದದ್ದು ಎರಡನೆಯದು. ಫೋಲ್ಡರೇ ಇಲ್ಲ ಅಂದರೆ ಬಯಾಸ್‌ನಲ್ಲಿ ಆನ್‌ಬೋರ್ಡ್ ಗ್ರಾಫಿಕ್ಸ್ ಆಫ್ ಆಗಿದೆ ಎಂದು ಅನುಮಾನ ಪಡಿ.

ಆಮೇಲೆ ಕಂಪೋಸ್ ಫೈಲಿನಲ್ಲಿ "ಡಿವೈಸಸ್" ಅಂತ ಒಂದು ಭಾಗ ಬರೆದು, ಆ ರೆಂಡರ್‌ಡಿ128 ಅನ್ನು ಒಳಗೂ ಅದೇ ಹೆಸರಿನಲ್ಲಿ ಕಾಣುವಂತೆ ಕೊಡಿ. ಕಂಟೇನರ್ ಮತ್ತೆ ಎಬ್ಬಿಸಿ. ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್, ಪ್ಲೇಬ್ಯಾಕ್, ಟ್ರಾನ್ಸ್‌ಕೋಡಿಂಗ್‌ಗೆ ಹೋಗಿ ಹಾರ್ಡ್‌ವೇರ್ ಆಕ್ಸಲರೇಶನ್ ಜಾಗದಲ್ಲಿ ಇಂಟೆಲ್ ಕ್ವಿಕ್ ಸಿಂಕ್ ಆರಿಸಿ. ಕೆಳಗೆ ಎಚ್.264, ಎಚ್‌ಇವಿಸಿ, ಎಂಪೆಗ್2, 10 ಬಿಟ್ ಎಚ್‌ಇವಿಸಿಗೆ ಟಿಕ್ ಹಾಕಿ. ಎವಿ1ಗೆ ಹಾಕಬೇಡಿ. ಚಿಪ್‌ಗೆ ಬಾರದ್ದಕ್ಕೆ ಟಿಕ್ ಹಾಕಿದರೆ ಆ ಫೈಲ್ ಓಡುವುದೇ ಇಲ್ಲ.

ಚಿಪ್‌ನ ಡ್ರೈವರ್‌ಗಳನ್ನು ಕಂಟೇನರ್ ಒಳಗೆ ನೀವು ಹಾಕಬೇಕಿಲ್ಲ. ಜೆಲ್ಲಿಫಿನ್‌ನವರ ಅಧಿಕೃತ ಇಮೇಜ್‌ನಲ್ಲಿ (ಕಂಟೇನರ್ ಎಬ್ಬಿಸುವ ಸಿದ್ಧ ಕಟ್ಟು) ಅವರೇ ಕಟ್ಟಿದ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಬದಲಿಸುವ ಪ್ರೋಗ್ರಾಂ ಇದೆ, ಇಂಟೆಲ್ ಡ್ರೈವರ್ ಅದರ ಜೊತೆಗೇ ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೋ ಕಡೆ "ಪ್ರಿವಿಲೇಜ್ಡ್ ಟ್ರೂ ಅಂತ ಬರೆದುಬಿಡಿ, ಎಲ್ಲ ಓಡುತ್ತದೆ" ಅಂತಾರೆ. ದಯವಿಟ್ಟು ಬೇಡ. ಹಾಗೆ ಬರೆದರೆ ಮಷಿನ್ನಿನ ಎಲ್ಲ ಡಿವೈಸ್‌ಗಳೂ ಕಂಟೇನರ್ ಕೈಗೆ ಹೋಗುತ್ತವೆ, ಡಿಸ್ಕ್ ಕೂಡ. ನಮಗೆ ಬೇಕಿರುವುದು ಒಂದೇ ಒಂದು ಫೈಲ್. ಅಷ್ಟನ್ನೇ ಕೊಡೋಣ. ವಿಡಿಯೋ ಫೋಲ್ಡರ್ ಅನ್ನೂ "ಓದಲು ಮಾತ್ರ" ಅಂತ ಕೊಡಿ. ಅಜ್ಜಿಯ ವಿಡಿಯೋ ಯಾರ ಕೈತಪ್ಪಿನಿಂದಲೂ ಅಳಿಸಿಹೋಗಬಾರದು.

---

ಮುಧೋಳ_ಹುಡುಗ · ಮುಧೋಳ

ಜೆಲ್ಲಿಫಿನ್ ಬದಲು ಪ್ಲೆಕ್ಸ್ ಅನ್ನುವ ಮೀಡಿಯಾ ಸರ್ವರ್ ಯಾಕೆ ಬೇಡ? ಸೆಟ್ ಮಾಡೋದು ಸುಲಭ ಅಲ್ವಾ?

---

ಗುಮ್ಮಟದ_ನೆರಳು

ಸುಲಭ ಹೌದು ತಮ್ಮಾ. ಆದರೆ ಪ್ಲೆಕ್ಸ್‌ನಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್ ಬೇಕೆಂದರೆ ಪ್ಲೆಕ್ಸ್ ಪಾಸ್‌ಗೆ ದುಡ್ಡು ಕೊಡಬೇಕು. ಎಂಬಿ (Emby) ಅನ್ನುವ ಇನ್ನೊಂದು ಮೀಡಿಯಾ ಸರ್ವರ್‌ನಲ್ಲೂ ಅಷ್ಟೆ, ದುಡ್ಡು ಕೊಟ್ಟು ಪ್ರೀಮಿಯರ್ ತಗೋಬೇಕು. ಎಂಬಿ ತನ್ನ ಸೋರ್ಸ್ ಕೋಡ್ ಮುಚ್ಚಿದಾಗ 2018ರ ಡಿಸೆಂಬರ್‌ನಲ್ಲಿ ಅದರಿಂದಲೇ ಒಡೆದು ಬಂದದ್ದು ಜೆಲ್ಲಿಫಿನ್. ಇದರಲ್ಲಿ ದುಡ್ಡು ಕೊಟ್ಟು ತೆರೆಯುವ ಭಾಗ ಅಂತ ಯಾವುದೂ ಇಲ್ಲ. ಲಾಗಿನ್ ಕೂಡ ನಮ್ಮ ಮನೆಯ ಮಷಿನ್‌ನಲ್ಲೇ ಆಗುತ್ತದೆ. ಮನೆ ವಿಡಿಯೋ ಇಡುವವರಿಗೆ ನನ್ನ ಪ್ರಕಾರ ಇದೇ ಸರಿ.

---

ಇಳಕಲ್_ಸೆರಗು

ಅಣ್ಣಾರೆ, ಹೇಳಿದ ಹಾಗೆ ಮಾಡಿದೆ. ರೆಂಡರ್‌ಡಿ128 ಇದೆ, ಕಂಪೋಸ್‌ನಲ್ಲಿ ಕೊಟ್ಟಿದ್ದೇನೆ. ಈಗ ವಿಡಿಯೋ ಶುರುವೇ ಆಗುವುದಿಲ್ಲ. ಲಾಗ್‌ನಲ್ಲಿ "ನೋ ವಿಎ ಡಿಸ್‌ಪ್ಲೇ ಫೌಂಡ್ ಫಾರ್ ಡಿವೈಸ್" ಅಂತ ಬರುತ್ತದೆ. ಕಂಪೋಸ್‌ನಲ್ಲಿ "ಯೂಸರ್ 1000:1000" ಅಂತ ಒಂದು ಸಾಲು ಇದೆ, ಅದಕ್ಕೇನಾದರೂ ಸಂಬಂಧ ಇದೆಯಾ?

---

ಕುಂದಾನಗರಿ_ಲಿನಕ್ಸ್

ಅದೇ ಸಂಬಂಧ! ಆ ಸಾಲು ಒಳ್ಳೆಯದು, ತೆಗೆಯಬೇಡಿ. ಕಂಟೇನರ್ ರೂಟ್ ಆಗಿ ಓಡದೆ ಸಾಮಾನ್ಯ ಯೂಸರ್ ಆಗಿ ಓಡುತ್ತಿದೆ. ಆದರೆ ರೆಂಡರ್‌ಡಿ128 ಅನ್ನು ತೆರೆಯುವ ಹಕ್ಕು ಇರುವುದು ರೂಟ್‌ಗೆ ಮತ್ತು "ರೆಂಡರ್" ಅನ್ನುವ ಗ್ರೂಪ್‌ಗೆ. ನಿಮ್ಮ 1000 ನಂಬರಿನ ಯೂಸರ್ ಕಂಟೇನರ್ ಒಳಗೆ ಆ ಗ್ರೂಪ್‌ನಲ್ಲಿಲ್ಲ. ಹೋಸ್ಟ್‌ನಲ್ಲಿ ನಿಮ್ಮನ್ನು ಆ ಗ್ರೂಪ್‌ಗೆ ಸೇರಿಸಿದ್ದರೂ ಒಳಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಹೋಸ್ಟ್ ಟರ್ಮಿನಲ್‌ನಲ್ಲಿ "ಗೆಟೆಂಟ್ ಗ್ರೂಪ್ ರೆಂಡರ್" ಕಮಾಂಡ್ ಕೊಡಿ. ಒಂದು ನಂಬರ್ ಬರುತ್ತದೆ. ಕಂಪೋಸ್‌ನಲ್ಲಿ "ಗ್ರೂಪ್ ಆ್ಯಡ್" ಅನ್ನುವ ಭಾಗ ಬರೆದು ಆ ನಂಬರ್ ಹಾಕಿ. ಹೆಸರು ಬೇಡ, ನಂಬರೇ ಹಾಕಿ. ಕಂಟೇನರ್ ಒಳಗೆ "ರೆಂಡರ್" ಅನ್ನುವ ಹೆಸರು ಇಲ್ಲದೆ ಇರಬಹುದು, ಇದ್ದರೂ ಬೇರೆ ನಂಬರ್ ಇರಬಹುದು. ಕರ್ನಲ್ ನೋಡುವುದು ನಂಬರನ್ನು ಮಾತ್ರ. ಆ ನಂಬರ್ ಮಷಿನ್‌ನಿಂದ ಮಷಿನ್‌ಗೆ ಬದಲಾಗುತ್ತದೆ. ಅದಕ್ಕೇ ನೆಟ್‌ನಲ್ಲಿ ಸಿಕ್ಕ ಕಂಪೋಸ್ ಫೈಲನ್ನು ಹಾಗೇ ತಂದು ಹಾಕಿದರೆ ಒಬ್ಬರಿಗೆ ಓಡುತ್ತದೆ, ಇನ್ನೊಬ್ಬರಿಗೆ ಓಡುವುದಿಲ್ಲ.

ಇನ್ನೊಂದು ವಿಷಯ. ಉಬುಂಟು ಹಾಕುವಾಗಲೇ ಬಂದ ಪಟ್ಟಿಯಲ್ಲಿ ಡಾಕರ್ ಟಿಕ್ ಮಾಡಿದ್ದರಾ? ಹಾಗಿದ್ದರೆ ಅದು ಸ್ನ್ಯಾಪ್ ಪ್ಯಾಕೇಜ್. ಅದಕ್ಕೆ ಹೊರಗಿನ ಫೋಲ್ಡರ್ ಮುಟ್ಟಲು ನಿರ್ಬಂಧಗಳಿವೆ. ಅದನ್ನು ತೆಗೆದು, ಡಾಕರ್‌ನವರ ಆ್ಯಪ್ಟ್ ರೆಪೊಸಿಟರಿಯಿಂದ ಹಾಕಿಕೊಳ್ಳಿ.

---

ಇಳಕಲ್_ಸೆರಗು

ಆಯಿತು ರೀ, ಓಡಿತು! ನಂಬರ್ 993 ಬಂತು, ಹಾಕಿದೆ. ಅದೇ 4ಕೆ ವಿಡಿಯೋ ಈಗ ಎಲ್ಲೂ ನಿಲ್ಲುತ್ತಿಲ್ಲ. ಸಿಪಿಯು ಆರಾಮಾಗಿದೆ. ತುಂಬಾ ಉಪಕಾರ ಅಣ್ಣಾರೆ. ಡಾಕರ್ ಸ್ನ್ಯಾಪ್ ಅಲ್ಲ, ಆ್ಯಪ್ಟ್‌ನಿಂದಲೇ ಹಾಕಿದ್ದು.

ನಿಜವಾಗಿ ಚಿಪ್‌ನ ಆ ಭಾಗವೇ ಕೆಲಸ ಮಾಡುತ್ತಿದೆ ಎಂದು ಕಣ್ಣಾರೆ ನೋಡುವುದು ಹೇಗೆ?

---

ಕುಂದಾನಗರಿ_ಲಿನಕ್ಸ್

"ಇಂಟೆಲ್ ಜಿಪಿಯು ಟೂಲ್ಸ್" ಪ್ಯಾಕೇಜ್ ಹಾಕಿ, ಅದರಲ್ಲಿರುವ "ಇಂಟೆಲ್ ಜಿಪಿಯು ಟಾಪ್" ಅನ್ನು ಸುಡೋ ಜೊತೆ ಓಡಿಸಿ. "ವಿಡಿಯೋ" ಅನ್ನುವ ಪಟ್ಟಿ ಮೇಲಕ್ಕೆ ಹೋಗುತ್ತಿದ್ದರೆ ಕ್ವಿಕ್ ಸಿಂಕ್ ದುಡಿಯುತ್ತಿದೆ ಎಂದರ್ಥ. ಹಾಗಿದ್ದೂ ಸಿಪಿಯು ಸ್ವಲ್ಪ ಕೆಲಸ ಮಾಡುತ್ತದೆ. ಆಡಿಯೋ ಬದಲಿಸುವುದು, ಫೈಲ್ ತುಂಡು ಮಾಡುವುದು ಅದರ ಪಾಲಿನದೇ.

ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣದ ಹರವು ಹೆಚ್ಚಿರುವ ವಿಧಾನ) ತೆಗೆದ ಫೋನ್ ವಿಡಿಯೋ ಹಳೆ ಟಿವಿಯಲ್ಲಿ ಬಣ್ಣ ಮಾಸಿದಂತೆ ಕಂಡರೆ ಅದೇ ಪುಟದಲ್ಲಿ ಟೋನ್ ಮ್ಯಾಪಿಂಗ್ ಆನ್ ಮಾಡಿ. ಹೋಳಿ ವಿಡಿಯೋಗೆ ಇದು ಬೇಕೇಬೇಕಾಗುತ್ತದೆ.

---

ಹಿಡಕಲ್_ಕಟ್ಟೆ · ಹುಕ್ಕೇರಿ

ನನ್ನದು ಬೇರೆ ಮಾತು. ಇಷ್ಟೆಲ್ಲ ಯಾಕೆ ಬೇಕು? ಎಲ್ಲ ವಿಡಿಯೋಗಳನ್ನೂ ಒಂದೇ ಸಲ ಎಚ್.264ಗೆ ಬದಲಿಸಿ ಇಟ್ಟರೆ ಮುಗಿಯಿತು. ಯಾವ ಟಿವಿಯಲ್ಲಾದರೂ ಓಡುತ್ತದೆ. ಟ್ರಾನ್ಸ್‌ಕೋಡಿಂಗೂ ಬೇಡ, ಡ್ರೈವರೂ ಬೇಡ. ಪೆನ್‌ಡ್ರೈವ್‌ಗೆ ಹಾಕಿ ತಂಗಿಗೆ ಕೊಟ್ಟರೂ ನಡೆಯುತ್ತದೆ.

---

ಜಮಖಂಡಿ_ಸ್ಟುಡಿಯೋ · ಜಮಖಂಡಿ

ಹಿಡಕಲ್ ಅಣ್ಣಾರೆ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಮದುವೆ ವಿಡಿಯೋ ಮಾಡುವುದೇ ನಮ್ಮ ಕಸುಬು, ಹಳೆ ಕ್ಯಾಸೆಟ್ ಇಳಿಸಿ ಕೊಡುತ್ತೇವೆ. ಅದಕ್ಕೇ ಈ ವಿಷಯದಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಫೋನ್ ವಿಡಿಯೋಗಳನ್ನು ಬದಲಿಸಿ ಇಡುವುದು ಬೇಡ. ಎಚ್‌ಇವಿಸಿಯನ್ನು ಅದೇ ಗುಣಮಟ್ಟದ ಎಚ್.264 ಮಾಡಿದರೆ ಫೈಲ್ ದೊಡ್ಡದಾಗುತ್ತದೆ, ಜೊತೆಗೆ ಸ್ವಲ್ಪ ವಿವರವೂ ಕಳೆಯುತ್ತದೆ. ಮುಂದೆ ಟಿವಿ ಬದಲಿಸಿದರೆ ಮೂಲ ಫೈಲ್ ನೇರ ಓಡುತ್ತದೆ. ಅಲ್ಲಿಯವರೆಗೆ ಕ್ವಿಕ್ ಸಿಂಕ್ ಇದೆಯಲ್ಲ.

ಹಳೆ ಟೇಪಿನದು ಬೇರೆ ಕಥೆ. ಅಕ್ಕಾರು ಹೇಳಿದ ಅಂಚಿನ ಗೆರೆಗಳು ಇಂಟರ್‌ಲೇಸ್‌ನಿಂದ ಬರುತ್ತವೆ. ನಮ್ಮಲ್ಲಿದ್ದ ಹಳೆ ಟಿವಿ ಪದ್ಧತಿಯ, ಅಂದರೆ ಪಾಲ್ ಪದ್ಧತಿಯ ಕ್ಯಾಮೆರಾ ಸೆಕೆಂಡಿಗೆ 25 ಪೂರ್ತಿ ಚಿತ್ರ ತೆಗೆಯುತ್ತಿರಲಿಲ್ಲ. 50 ಅರ್ಧ ಚಿತ್ರ ತೆಗೆಯುತ್ತಿತ್ತು. ಒಂದರಲ್ಲಿ ಬೆಸ ಸಾಲು, ಇನ್ನೊಂದರಲ್ಲಿ ಸಮ ಸಾಲು. ಹಳೆ ಡಬ್ಬಾ ಟಿವಿ ಅವನ್ನು ಒಂದಾದ ಮೇಲೆ ಒಂದು ತೋರಿಸುತ್ತಿತ್ತು. ಈಗಿನ ಪರದೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರೆ, ನಡುವೆ ಚಲಿಸಿದ ಕೈಕಾಲು ಎರಡು ಜಾಗದಲ್ಲಿ ಕಾಣುತ್ತದೆ.

ಇದನ್ನು ಸರಿ ಮಾಡುವುದಕ್ಕೆ ಡಿಇಂಟರ್‌ಲೇಸ್ ಅನ್ನುತ್ತಾರೆ. ಟ್ರಾನ್ಸ್‌ಕೋಡ್ ಆಗುವಾಗ ಜೆಲ್ಲಿಫಿನ್ ತಾನೇ ಮಾಡುತ್ತದೆ, ಕ್ವಿಕ್ ಸಿಂಕ್‌ನಲ್ಲೂ ಆಗುತ್ತದೆ. ಆದರೆ ನಿಮ್ಮ ಟೇಪ್ ಫೈಲ್‌ಗಳು ಡೈರೆಕ್ಟ್ ಪ್ಲೇ ಆಗುತ್ತಿವೆ, ಹಾಗಾಗಿ ಸರ್ವರ್ ಅವನ್ನು ಮುಟ್ಟುತ್ತಲೇ ಇಲ್ಲ. ಎಲ್ಲ ಟಿವಿ ಇದನ್ನು ಚೆನ್ನಾಗಿ ಮಾಡುವುದಿಲ್ಲ.

ಅದಕ್ಕೆ ಟೇಪ್‌ಗಳಿಗೆ ಮಾತ್ರ ಎರಡು ಪ್ರತಿ ಇಡಿ. ಮೂಲ ಪ್ರತಿ ಹೇಗೆ ಇಳಿಯಿತೋ ಹಾಗೆ, ಇಂಟರ್‌ಲೇಸ್ ಸಮೇತ. ನೋಡುವ ಪ್ರತಿ ಬೇರೆ. ಅದನ್ನು ಎಫ್‌ಎಫ್‌ಎಂಪೆಗ್‌ನ "ಬಿಡಬ್ಲ್ಯುಡಿಐಎಫ್" ಫಿಲ್ಟರ್‌ನಿಂದ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಬರುವಂತೆ ಮಾಡಿ. 25ಕ್ಕೆ ಇಳಿಸಿದರೆ ಹಲಗಿ ಬಾರಿಸುವ ಕೈಯ ವೇಗ ಹೋಗಿಬಿಡುತ್ತದೆ, ಅರ್ಧ ಚಲನೆ ಎಸೆದಂತೆ.

ಈ ನೋಡುವ ಪ್ರತಿ ಮಾಡಲು ಕ್ವಿಕ್ ಸಿಂಕ್ ಬಳಸಬೇಡಿ. ಇಲ್ಲಿ ಸಿಪಿಯು ಮೇಲೆ ಓಡಿ ಎಚ್.264 ಫೈಲ್ ಕಟ್ಟುವ ಎಕ್ಸ್264 ಪ್ರೋಗ್ರಾಂ ಬೇಕು. ಹಾರ್ಡ್‌ವೇರ್ ಎನ್‌ಕೋಡರ್‌ಗೆ ಮುಖ್ಯ ವೇಗ. ಅದೇ ಸೈಜಿನಲ್ಲಿ ಎಕ್ಸ್264 ಹೆಚ್ಚು ವಿವರ ಉಳಿಸುತ್ತದೆ, ಅದರಲ್ಲೂ ವಿಎಚ್‌ಎಸ್‌ನ ಕಾಳು ಕಾಳು ಚಿತ್ರದಲ್ಲಿ. ರಾತ್ರಿ ಹಚ್ಚಿ ಮಲಗಿ. ಈಗಲೇ ನೋಡಬೇಕಾದ್ದಕ್ಕೆ ಕ್ವಿಕ್ ಸಿಂಕ್, ಇಟ್ಟುಕೊಳ್ಳಬೇಕಾದ್ದಕ್ಕೆ ಎಕ್ಸ್264.

---

ಹಿಡಕಲ್_ಕಟ್ಟೆ

ಸರಿ, ಟೇಪ್ ವಿಷಯದಲ್ಲಿ ಇಬ್ಬರದೂ ಒಂದೇ ಮಾತಾಯಿತು. ಆದರೆ ಮೂಲ ಪ್ರತಿ ಎಷ್ಟು ಜಾಗ ತಿನ್ನುತ್ತದೆ?

---

ಜಮಖಂಡಿ_ಸ್ಟುಡಿಯೋ

ಮಿನಿಡಿವಿ ಟೇಪ್ ಆದರೆ ಗಂಟೆಗೆ ಸುಮಾರು 13 ಜಿಬಿ. ಅದನ್ನು ಫೈರ್‌ವೈರ್ ಕೇಬಲ್‌ನಿಂದ ಇಳಿಸಿದರೆ ಟೇಪಿನಲ್ಲಿದ್ದ ಡಿಜಿಟಲ್ ದತ್ತಾಂಶವೇ ಬರುತ್ತದೆ, ಏನೂ ಕಳೆಯುವುದಿಲ್ಲ. ಮದುವೆ ಡಿವಿಡಿ ಒಂದು ಪದರದ್ದಾದರೆ 4.7 ಜಿಬಿ ಮೀರುವುದಿಲ್ಲ, ಅದನ್ನು ಹಾಗೇ ಕಾಪಿ ಮಾಡಿ. ವಿಎಚ್‌ಎಸ್ ಅನಲಾಗ್. ಅದನ್ನು ಎಫ್‌ಎಫ್‌ವಿ1 ಕೋಡೆಕ್‌ನಲ್ಲಿ ಇಳಿಸಿದರೆ ಒಳ್ಳೆಯದು, ವಿವರ ಕಳೆಯದೆ ಕುಗ್ಗಿಸುತ್ತದೆ. ದೊಡ್ಡ ದೊಡ್ಡ ಸಂಗ್ರಹಾಲಯಗಳೂ ಬಳಸುತ್ತವೆ. 2021ರಲ್ಲಿ ಅದರ ರಚನೆ ಆರ್‌ಎಫ್‌ಸಿ 9043 ಆಗಿ ಪ್ರಕಟವಾಗಿದೆ, ಯಾವ ಕಂಪನಿಯ ಹಂಗೂ ಇಲ್ಲ.

4 ಟಿಬಿ ಡಿಸ್ಕ್‌ನಲ್ಲಿ ಒಂದು ಮನೆತನದ ಟೇಪ್‌ಗಳು ಹಿಡಿಯುತ್ತವೆ. ಜಾಗ ಉಳಿಸಲು ಮೂಲ ಅಳಿಸುವ ಯೋಚನೆ ಮಾತ್ರ ಯಾರೂ ಮಾಡಬೇಡಿ.

---

ಮುಧೋಳ_ಹುಡುಗ

ನನ್ನ ಹತ್ತಿರ ರಾಸ್ಪ್‌ಬೆರಿ ಪೈ 5 ಇದೆ. ಅದರಲ್ಲಿ ಆಗುತ್ತಾ?

---

ಗುಮ್ಮಟದ_ನೆರಳು

ಡೈರೆಕ್ಟ್ ಪ್ಲೇ ಮಾತ್ರ ಆದರೆ ಆಗುತ್ತದೆ. ಟ್ರಾನ್ಸ್‌ಕೋಡ್‌ಗೆ ಬೇಡ. ಪೈ 5ರಲ್ಲಿ ಹಾರ್ಡ್‌ವೇರ್ ವಿಡಿಯೋ ಎನ್‌ಕೋಡರ್ ಇಲ್ಲವೇ ಇಲ್ಲ. ಎಚ್‌ಇವಿಸಿ ಬಿಡಿಸುವ ಭಾಗ ಇದೆ ಅಷ್ಟೆ.

ಹೊಸದು ಕೊಳ್ಳುವವರಿಗೆ ನನ್ನ ಸಲಹೆ ಇಂಟೆಲ್ ಎನ್100 ಇರುವ ಚಿಕ್ಕ ಪಿಸಿ. ನಾನು ಅದನ್ನೇ ಬಳಸುತ್ತಿದ್ದೇನೆ. 6 ವಾಟ್‌ನ ಚಿಪ್, ಎವಿ1 ಕೂಡ ಬಿಡಿಸುತ್ತದೆ. ಅದಕ್ಕಿಂತ ಹಿಂದಿನ ಎನ್5095, ಎನ್5105 ಸಿಕ್ಕಿದರೆ ಒಂದು ಹೆಚ್ಚಿನ ಕೆಲಸ ಇದೆ. ಕರ್ನಲ್‌ನ ಐ915 ಡ್ರೈವರ್‌ಗೆ "ಎನೇಬಲ್ ಜಿಯುಸಿ 2" ಅನ್ನುವ ಆಯ್ಕೆ ಕೊಟ್ಟು, ಜೆಲ್ಲಿಫಿನ್‌ನಲ್ಲಿ ಲೋ ಪವರ್ ಎನ್‌ಕೋಡಿಂಗ್ ಆನ್ ಮಾಡಬೇಕು. ಇಲ್ಲದಿದ್ದರೆ ಬಿಟ್‌ರೇಟ್ ಹಿಡಿತಕ್ಕೆ ಸಿಗುವುದಿಲ್ಲ.

ಹಾಗಂತ ಅಕ್ಕಾರು ಈಗ ಬದಲಿಸಬೇಕಿಲ್ಲ. ಡೆಸ್ಕ್‌ಟಾಪ್ ಸರಾಸರಿ 25 ವಾಟ್ ಎಳೆದರೆ ತಿಂಗಳಿಗೆ 18 ಯೂನಿಟ್. ಚಿಕ್ಕ ಪಿಸಿ 10 ವಾಟ್ ಎಳೆದರೆ 7.2 ಯೂನಿಟ್. ಆ ಉಳಿತಾಯಕ್ಕೆ ಹೊಸ ಮಷಿನ್ ದುಡ್ಡು ಬೇಗ ಹುಟ್ಟುವುದಿಲ್ಲ. ಪ್ಲಗ್‌ಗೆ ಹಾಕುವ ಮೀಟರ್ ಸಿಗುತ್ತದೆ, ಅಳೆದೇ ನೋಡಿ. ಬೇಸಿಗೆಗೆ ಮುಂಚೆ ಫ್ಯಾನಿನ ಧೂಳು ಮಾತ್ರ ತಪ್ಪದೆ ತೆಗೆಯಿರಿ.

---

ಇಳಕಲ್_ಸೆರಗು

ಎಲ್ಲರ ಉತ್ತರ ಓದಿ ಖುಷಿ ಆಯಿತು. ಇನ್ನೆರಡು ಕೇಳುತ್ತೇನೆ. ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ಜೆಲ್ಲಿಫಿನ್ ತಾನೇ ಎದ್ದಿತು, ಆದರೆ ಲೈಬ್ರರಿ ಪೂರ್ತಿ ಖಾಲಿ ತೋರಿಸಿತು! ಎದೆ ಝಲ್ ಅಂದಿತು. ಕಂಟೇನರ್ ನಿಲ್ಲಿಸಿ ಮತ್ತೆ ಶುರು ಮಾಡಿದ ಮೇಲೆ ಎಲ್ಲ ಬಂತು. ಯಾಕೆ ಹೀಗೆ? ಇನ್ನೊಂದು, ತಂಗಿಯ ಮನೆಗೆ ಹೇಗೆ ತೋರಿಸಲಿ?

---

ಕುಂದಾನಗರಿ_ಲಿನಕ್ಸ್

ಮೊದಲನೆಯದು ಮುಖ್ಯ, ಇವತ್ತೇ ಸರಿ ಮಾಡಿ. ಯುಎಸ್‌ಬಿ ಡಿಸ್ಕ್ ಏಳುವುದು ತಡ. ಡಾಕರ್ ಅದಕ್ಕಿಂತ ಮುಂಚೆ ಎದ್ದು ಬರೀ ಖಾಲಿ ಫೋಲ್ಡರನ್ನು ಕಂಟೇನರ್‌ಗೆ ಕೊಟ್ಟುಬಿಟ್ಟಿತು. ವಿಡಿಯೋಗಳಿಗೆ ಏನೂ ಆಗಿಲ್ಲ. ಆದರೆ ಅದೇ ಹೊತ್ತಿಗೆ ಲೈಬ್ರರಿ ಸ್ಕ್ಯಾನ್ ನಡೆದರೆ ನೀವು ಕಷ್ಟಪಟ್ಟು ಹಾಕಿದ ಹೆಸರು, ಚಿತ್ರಗಳು ಹೋಗಬಹುದು.

ಡಿಸ್ಕ್ ಅನ್ನು "ಎಫ್‌ಎಸ್‌ಟ್ಯಾಬ್" ಫೈಲಿನಲ್ಲಿ (ಯಾವ ಡಿಸ್ಕ್ ಎಲ್ಲಿ ಕಾಣಬೇಕು ಅನ್ನುವ ಪಟ್ಟಿ) ಅದರ ಯುಯುಐಡಿಯಿಂದ, ಅಂದರೆ ಆ ಡಿಸ್ಕಿನದೇ ಗುರುತು ಸಂಖ್ಯೆಯಿಂದ ಬರೆಯಿರಿ. ಆಮೇಲೆ ಸಿಸ್ಟಮ್‌ಡಿಯಲ್ಲಿ (ಉಬುಂಟುವಿನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವ ಭಾಗ) ಡಾಕರ್ ಸರ್ವಿಸ್‌ಗೆ "ರಿಕ್ವೈರ್ಸ್ ಮೌಂಟ್ಸ್ ಫಾರ್" ಅನ್ನುವ ಸಾಲು ಸೇರಿಸಿ, ಡಿಸ್ಕಿನ ದಾರಿ ಕೊಡಿ. ಆಗ ಡಿಸ್ಕ್ ಮೌಂಟ್ ಆದ ಮೇಲೆಯೇ ಡಾಕರ್ ಏಳುತ್ತದೆ. ಜೆಲ್ಲಿಫಿನ್‌ನ ಕಾನ್ಫಿಗ್ ಫೋಲ್ಡರ್ ಎಸ್‌ಎಸ್‌ಡಿಯಲ್ಲೇ ಇರಲಿ. ಒಳಗಿರುವುದು ಎಸ್‌ಕ್ಯುಲೈಟ್ ಡೇಟಾಬೇಸ್, ಬರೆಯುವಾಗ ಕರೆಂಟ್ ಹೋದರೆ ಕೆಡುವ ಸಾಧ್ಯತೆ ಇದೆ. ಚಿಕ್ಕ ಯುಪಿಎಸ್ ಹಾಕಿ. ಕಾನ್ಫಿಗ್‌ನ ಬ್ಯಾಕಪ್ ತೆಗೆಯುವಾಗ ಕಂಟೇನರ್ ನಿಲ್ಲಿಸಿ ತೆಗೆಯಿರಿ.

ತಂಗಿಯವರ ಮನೆಗೆ ರೂಟರ್‌ನಲ್ಲಿ 8096 ಪೋರ್ಟ್ ತೆರೆದು ಹೊರ ಜಗತ್ತಿಗೆ ಬಿಡಬೇಡಿ. ಅನೇಕ ಮನೆಗಳ ಇಂಟರ್ನೆಟ್‌ನಲ್ಲಿ ಸ್ವಂತ ಪಬ್ಲಿಕ್ ವಿಳಾಸವೂ ಇರುವುದಿಲ್ಲ, ತೆರೆದರೂ ತಲುಪುವುದಿಲ್ಲ. ಟೇಲ್‌ಸ್ಕೇಲ್ ಹಾಕಿ. ಅದು ವೈರ್‌ಗಾರ್ಡ್ ಅನ್ನುವ ವಿಪಿಎನ್ ಮೇಲೆ ಕಟ್ಟಿದ್ದು. ಎರಡೂ ಮನೆಯ ಮಷಿನ್ ಒಂದೇ ಖಾಸಗಿ ಜಾಲದಲ್ಲಿ ಇರುತ್ತವೆ. ತಂಗಿಯವರ ಯೂಸರ್‌ಗೆ ಬಿಟ್‌ರೇಟ್ ಮಿತಿ 8 ಎಂಬಿಪಿಎಸ್ ಅಂತ ಇಡಿ. ಅದಕ್ಕಿಂತ ದೊಡ್ಡ ಫೈಲ್ ಇದ್ದರೆ ಕ್ವಿಕ್ ಸಿಂಕ್ ತಾನೇ ಇಳಿಸಿ ಕಳಿಸುತ್ತದೆ. ನಿಜ ಹೇಳಬೇಕೆಂದರೆ ಈ ಚಿಪ್ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಟ್ರಾನ್ಸ್‌ಕೋಡ್‌ನ ತಾತ್ಕಾಲಿಕ ಫೈಲ್‌ಗಳನ್ನು ರ್‍ಯಾಮ್‌ನಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ನೀವು ಮಾಡಬೇಡಿ. 10 ಎಂಬಿಪಿಎಸ್‌ನ ಎರಡು ಗಂಟೆ ವಿಡಿಯೋಗೆ 9 ಜಿಬಿ ಆಗುತ್ತದೆ, ನಿಮ್ಮಲ್ಲಿರುವುದೇ 8.

---

ಗುಮ್ಮಟದ_ನೆರಳು

ಲೈಬ್ರರಿ ಮಾಡುವಾಗ "ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್" ವಿಧ ಆರಿಸಿ ಅಕ್ಕಾರೆ. "ಮೂವೀಸ್" ಆರಿಸಿದರೆ ನೆಟ್‌ನಿಂದ ಯಾವುದೋ ಸಿನಿಮಾದ ಪೋಸ್ಟರ್ ತಂದು ಅಜ್ಜಿಯ ವಿಡಿಯೋಗೆ ಅಂಟಿಸುತ್ತದೆ. ಫೋಲ್ಡರ್ ಹೆಸರು ಕನ್ನಡದಲ್ಲೇ ಇಡಬಹುದು. ಮೊದಲು ಇಸವಿ ಬರೆದರೆ ಸಾಲಾಗಿ ಕೂರುತ್ತವೆ.

ವಿಡಿಯೋದಲ್ಲಿ ಯಾರು ಯಾರು ಇದ್ದಾರೆ ಎಂದು ಕನ್ನಡ ಸಬ್‌ಟೈಟಲ್ ಬರೆಯುವ ಮನಸ್ಸಿದ್ದರೆ ಎಸ್‌ಆರ್‌ಟಿ ಫೈಲಿನಲ್ಲಿ ಬರೆಯಿರಿ. ಸಾಮಾನ್ಯವಾಗಿ ಅದು ಪ್ರತ್ಯೇಕವಾಗಿಯೇ ಹೋಗುತ್ತದೆ, ವಿಡಿಯೋ ಮತ್ತೆ ಕಟ್ಟಬೇಕಿಲ್ಲ. ಅಕ್ಷರದ ಜಾಗದಲ್ಲಿ ಚೌಕ ಕಂಡರೆ ಕನ್ನಡ ಫಾಂಟ್ ಸಿಕ್ಕಿಲ್ಲ ಎಂದರ್ಥ. ಜೆಲ್ಲಿಫಿನ್‌ನಲ್ಲಿ ಫಾಲ್‌ಬ್ಯಾಕ್ ಫಾಂಟ್ ಫೋಲ್ಡರ್ ಕೊಡುವ ಆಯ್ಕೆ ಇದೆ, ನೋಟೊ ಸಾನ್ಸ್ ಕನ್ನಡ ಹಾಕಿ ನೋಡಿ.

---

ಇಳಕಲ್_ಸೆರಗು

ಹೆಸರು ಬರೆಯುವುದನ್ನು ಈ ವಾರವೇ ಶುರು ಮಾಡುತ್ತೇನೆ. ಆ ಓಣಿಯ ಮುಖಗಳನ್ನು ಗುರುತು ಹಿಡಿಯುವವರು ಈಗ ಅಪ್ಪ ಮತ್ತು ದೊಡ್ಡಮ್ಮ ಮಾತ್ರ. ಇಬ್ಬರನ್ನೂ ಟಿವಿ ಮುಂದೆ ಕೂರಿಸಿ ಕೇಳಿ ಬರೆದುಕೊಳ್ಳುತ್ತೇನೆ.

ಜಮಖಂಡಿ ಅಣ್ಣಾರೆ, ಇನ್ನೂ ಇಳಿಸದ ವಿಎಚ್‌ಎಸ್ ಇವೆ. ಕೆಲವದರ ಮೇಲೆ ಬಿಳಿ ಬೂಷ್ಟು ಬಂದಿದೆ. ತರಬಹುದಾ?

---

ಜಮಖಂಡಿ_ಸ್ಟುಡಿಯೋ

ತನ್ನಿ ಅಕ್ಕಾರೆ. ಬೂಷ್ಟು ಬಂದಿದ್ದನ್ನು ಮಾತ್ರ ಮನೆಯ ವಿಸಿಆರ್‌ನಲ್ಲಿ ಹಾಕಿ ನೋಡಬೇಡಿ. ಟೇಪ್ ಹರಿಯಬಹುದು, ಹೆಡ್‌ಗೆ ಅಂಟಿ ಮುಂದೆ ಹಾಕುವ ಕ್ಯಾಸೆಟ್‌ಗೂ ಹರಡುತ್ತದೆ. ಅವನ್ನು ಬೇರೆ ಚೀಲದಲ್ಲಿ ಕಟ್ಟಿ. ಚೆನ್ನಾಗಿರುವುದನ್ನು ಪುಸ್ತಕದ ಹಾಗೆ ನಿಲ್ಲಿಸಿ ತನ್ನಿ, ಬಿಸಿಲಿಗೆ ಕಾರಿನಲ್ಲಿ ಬಿಡಬೇಡಿ. ಫೈಲ್ ತಗೊಳ್ಳಲು ಖಾಲಿ ಡಿಸ್ಕ್ ಒಂದು ಬೇಕು. ಅದನ್ನು ವಾಪಸ್ ಒಯ್ದು ನಿಮ್ಮ ಸರ್ವರ್‌ಗೆ ಕಾಪಿ ಮಾಡಿದ ಮೇಲೆ ಆ ಡಿಸ್ಕನ್ನೇ ತಂಗಿಯವರ ಮನೆಯಲ್ಲಿ ಇಡಿ, ಎರಡನೇ ಪ್ರತಿ ಆಗುತ್ತದೆ.